ಅಕ್ಕ ತೋಟ ನೋಡಲು ಬಂದ ದಿನ

ಡಾಕ್ಟರಮ್ಮನ ಗೇಟಿಗೆ ತೋಟದ ಪ್ರದರ್ಶನದ ಬೋರ್ಡು ಕಟ್ಟಿದ ದಿನವೇ ಮಾಲಿ ಊರಿಗೆ ಫೋನು ಮಾಡಿದ. ಅಕ್ಕನ ಹತ್ತಿರ ಫೋನಿರಲಿಲ್ಲ. ಪಕ್ಕದ ಮನೆಯವರು ಹೋಗಿ ಕರೆದುಕೊಂಡು ಬರಬೇಕು. ಅವಳು ಏದುಸಿರು ಬಿಡುತ್ತ ಬಂದವಳೇ, "ಏನೋ, ಹುಷಾರಾಗಿದ್ದೀಯ ತಾನೇ?" ಎಂದಳು. ಅವಳ ಲೆಕ್ಕದಲ್ಲಿ ಫೋನು ಬರುವುದು ಎರಡೇ ಕಾರಣಕ್ಕೆ: ಯಾರೋ ಹಾಸಿಗೆ ಹಿಡಿದಿದ್ದಾರೆ, ಇಲ್ಲವೇ ಯಾರೋ ಹೋಗಿಬಿಟ್ಟಿದ್ದಾರೆ.

"ಹುಷಾರಾಗೇ ಇದ್ದೀನಿ. ಭಾನುವಾರ ತೋಟ ತೆರೀತಾರೆ. ನೀನು ಬಾ."

"ಯಾಕೆ, ಇಷ್ಟು ದಿನ ಬೀಗ ಹಾಕಿದ್ರಾ?"

"ಹಾಗಲ್ಲ ಅಕ್ಕ. ಅವತ್ತು ಯಾರು ಬೇಕಾದ್ರೂ ಬರಬಹುದು. ಇಲ್ಲಿ ಚಿತ್ರ ಬರೆಯೋರೆಲ್ಲ ಅವರವರ ಚಿತ್ರ ತಂದು ಗಿಡದ ಮಧ್ಯೆ ಇಡ್ತಾರೆ. ಜನ ಗಿಡಾನೂ ನೋಡಬಹುದು, ಚಿತ್ರಾನೂ ನೋಡಬಹುದು."

"ಗಿಡ ನೋಡೋಕೆ ನಾನು ಬಸ್ಸು ಹತ್ತಬೇಕಾ? ಬಾಗಿಲು ತೆಗೆದ್ರೆ ಮೂಗಿಗೆ ಬಡಿಯೋದೇ ಗಿಡ" ಎಂದಳು ಅಕ್ಕ. ಆದರೆ ಬರುವುದಿಲ್ಲ ಎನ್ನಲಿಲ್ಲ.

ಅಷ್ಟೇ ಸಾಕಾಗಿತ್ತು ಅವನಿಗೆ. ಮೂರು ತಿಂಗಳ ಕೆಲಸ ಎಂದು ಊರು ಬಿಟ್ಟು ಬಂದವನು ಇಲ್ಲೇ ನಿಂತು ಹತ್ತೊಂಬತ್ತು ವರ್ಷವಾಗಿತ್ತು. ಮದುವೆಯ ಮಾತು ಬಂದಾಗಲೆಲ್ಲ ಗಿಡಕ್ಕೆ ನೀರು ಹಾಕುವವರು ಯಾರು ಎಂದು ನೆಪ ಹೇಳಿ ತಪ್ಪಿಸಿಕೊಂಡ. ಆಮೇಲೆ ಮಾತೂ ಬರುವುದು ನಿಂತಿತು. ವರ್ಷಕ್ಕೊಮ್ಮೆ ಎರಡು ದಿನ ಊರಿಗೆ ಹೋಗುತ್ತಿದ್ದ. ತಾಯಿ ಸತ್ತ ಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ, ಗಂಡನನ್ನು ಕಳೆದುಕೊಂಡು ತವರಿಗೆ ಬಂದು ನಿಂತವಳು, ಅಪ್ಪನ ಎರಡು ಎಕರೆಯನ್ನು ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ಹೋದಾಗಲೆಲ್ಲ ಜಗಲಿಯ ಮೇಲೆ ಕೂತವರ ಎದುರು ಒಂದೇ ಮಾತು: "ನಮ್ಮವನು ದೊಡ್ಡ ಬೇಸಾಯಗಾರ. ತಿನ್ನೋಕೆ ಬರದೇ ಇರೋದನ್ನೇ ಹುಡುಕಿ ಹುಡುಕಿ ಬೆಳೀತಾನೆ." ಎಲ್ಲರೂ ನಗುತ್ತಿದ್ದರು. ಅವನೂ ನಗುತ್ತಿದ್ದ. ಆದರೆ ಬಸ್ಸಿನಲ್ಲಿ ವಾಪಸು ಬರುವಾಗ ಆ ಮಾತೇ ಮತ್ತೆ ಮತ್ತೆ ಕೇಳಿಸುತ್ತಿತ್ತು. ಒಂದೇ ಒಂದು ಸಲ ಅವಳು ಬಂದು ನೋಡಲಿ, ತನ್ನ ಆಯುಷ್ಯ ಎಲ್ಲಿ ಹೋಯಿತು ಎಂಬುದು ಗೊತ್ತಾಗುತ್ತದೆ ಎಂದುಕೊಳ್ಳುತ್ತಿದ್ದ. ಕರೆಯುವುದು ಹೇಗೆ? ಅವನ ಕೋಣೆ ಪಂಪ್‌ಸೆಟ್ಟಿನ ಗೂಡಿನ ಹಿಂದೆ, ಒಂದು ಮಂಚ ಹಾಕಿದರೆ ಕಾಲಿಡಲು ಜಾಗವಿಲ್ಲ. ಮಾಲಿಯನ್ನು ನೋಡಲು ಬಂದವರು ಗೇಟಿನಲ್ಲೇ ನಿಂತು ಮಾತಾಡಿ ಹೋಗುವುದು ಆ ಬೀದಿಯ ರೂಢಿ. ಅದನ್ನು ಯಾರೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ.

ಚಿತ್ರಗಾರರು ಒಂದು ತಿಂಗಳಿನಿಂದ ಬರುತ್ತಿದ್ದರು. ಸ್ಟ್ಯಾಂಡು ನೆಟ್ಟು, ಬಣ್ಣದ ಡಬ್ಬಿ ಹರವಿ, ಮೂಲೆಗೊಬ್ಬರಂತೆ ಕೂರುತ್ತಿದ್ದರು. ಅವರ ಪೈಕಿ ಟೋಪಿಯವನೊಬ್ಬ ಬಲು ಮಾತುಗಾರ. "ಮಾಲಿ, ಆ ಕುಂಡ ಸ್ವಲ್ಪ ಈ ಕಡೆ ಇಡಿ. ಹಾಂ, ಬಿಸಿಲು ಈಗ ಚೆನ್ನಾಗಿ ಬಿತ್ತು. ನೀವೊಂದು ಚೂರು ಆಚೆ ಹೋಗ್ತೀರಾ?" ಮಾಲಿ ಹೋಗುತ್ತಿದ್ದ. ಒಬ್ಬರಿಗೆ ಅಡ್ಡವಾಗದಂತೆ ನಿಂತರೆ ಇನ್ನೊಬ್ಬರಿಗೆ ಅಡ್ಡವಾಗುತ್ತಿದ್ದ. ಕೊನೆಗೆ ಬೆಳಗಿನ ಕೆಲಸವನ್ನು ಅವರು ಬರುವ ಮೊದಲೇ ಮುಗಿಸಿ ಗೊಬ್ಬರದ ಗುಂಡಿಯ ಹತ್ತಿರ ಹೋಗಿ ಕೂರಲು ಕಲಿತ.

ಭಾನುವಾರ ಇಸ್ತ್ರಿ ಮಾಡಿಸಿದ ಅಂಗಿ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಹೋದ. ಅಕ್ಕ ಒಂದು ಕೈಯಲ್ಲಿ ಬದನೆಕಾಯಿ ಚೀಲ, ಇನ್ನೊಂದು ಕೈಯಲ್ಲಿ ಬಾಗಿಲ ಕಂಬಿ ಹಿಡಿದು ಇಳಿದಳು. ಅವನನ್ನು ಮೇಲಿಂದ ಕೆಳಗೆ ನೋಡಿ, "ಹೆಣ್ಣು ನೋಡೋಕೆ ಹೊರಟೋನ ಹಾಗಿದ್ದೀಯಲ್ಲೋ. ಈ ವಯಸ್ಸಿಗಾದ್ರೂ ಬುದ್ಧಿ ಬಂತಾ?" ಎಂದಳು.

ಗೇಟಿನಲ್ಲಿ ಮೇಜು ಹಾಕಿಕೊಂಡು ಪ್ರದರ್ಶನ ಸಮಿತಿಯ ಹೆಂಗಸೊಬ್ಬಳು ಕೂತಿದ್ದಳು, ಎದೆಗೆ ಬ್ಯಾಡ್ಜು. ಬಂದವರ ಬಟ್ಟೆಗೆಲ್ಲ ಒಂದೊಂದು ಹಸಿರು ಚೀಟಿ ಅಂಟಿಸುತ್ತಿದ್ದಳು. ಅಕ್ಕನ ಸೆರಗಿಗೂ ಅಂಟಿಸಿದಳು.

"ಇದೇನು, ದನಕ್ಕೆ ಹಾಕೋ ಮುದ್ರೆಯಾ?" ಎಂದಳು ಅಕ್ಕ, ಹೆಂಗಸಿಗೆ ಕೇಳುವ ಹಾಗೆಯೇ.

"ಎಷ್ಟು ಜನ ಬಂದ್ರು ಅಂತ ಲೆಕ್ಕಕ್ಕೆ ಅಮ್ಮಾ. ಬಾಣದ ಗುರುತು ನೋಡಿಕೊಂಡು ಹೋಗಿ."

ಮಾಲಿಗೆ ಪೇಚಾಯಿತು. ಅಕ್ಕನನ್ನು ಯಾವ ದಾರಿಯಲ್ಲಿ ಕರೆದುಕೊಂಡು ಹೋಗಬೇಕು ಎಂದು ಅವನು ವಾರವೆಲ್ಲ ಯೋಚಿಸಿದ್ದ. ಮೊದಲು ಹಿಂದಿನ ಗೋಡೆಯಿಂದ ಸುತ್ತಿ, ಡೇರೆ ಹೂವಿನ ಮಡಿ ತೋರಿಸಿ, ಜರೀಗಿಡಗಳ ತಂಪಿನಲ್ಲಿ ಒಂದು ಗಳಿಗೆ ನಿಲ್ಲಿಸಿ, ಆಮೇಲೆ ಥಟ್ಟನೆ ಗುಲಾಬಿಗಳ ಮುಂದೆ ತಂದು ನಿಲ್ಲಿಸಬೇಕು ಎಂದಿದ್ದ. ಬಾಣಗಳು ನೇರ ಗುಲಾಬಿಗಳ ಕಡೆಗೇ ತೋರಿಸುತ್ತಿದ್ದವು. ಹಿಂದೆ ಜನ ಒತ್ತುತ್ತಿದ್ದರು.

ಗುಲಾಬಿಯ ಮುಂದೆ ಗುಲಾಬಿಯ ಚಿತ್ರ ಇಟ್ಟಿದ್ದರು. ಜನ ಗಿಡಕ್ಕೆ ಬೆನ್ನು ಹಾಕಿ ನಿಂತು ಚಿತ್ರವನ್ನು ನೋಡುತ್ತಿದ್ದರು.

"ಥೇಟ್ ಗುಲಾಬಿ ಹಾಗೇ ಇದೆ ರೀ!" ಎಂದರು ಒಬ್ಬರು.

ಅಕ್ಕ ಅವನ ಪಕ್ಕೆಗೆ ತಿವಿದಳು. "ಹಿಂದೆ ತಿರುಗಿ ನೋಡಿದ್ರೆ ಇನ್ನೂ ಥೇಟ್ ಇದೆ ಅಂತ ಹೇಳೋ ಅವರಿಗೆ."

ಮಾಲಿ ನಕ್ಕ. ಅವಳಿಗೆ ಹೂವು ಕಂಡಿತು ಎಂದು ಒಳಗೊಳಗೇ ಹಿಗ್ಗಿದ. ಆದರೆ ಅಕ್ಕ ಹೂವಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಸಾಮಾನು ಕೊಳ್ಳಲು ಬಂದು ಬೆಲೆ ಕೇಳದವಳ ಹಾಗೆ ನಡೆಯುತ್ತಿದ್ದಳು. ನಲ್ಲಿಯ ಹತ್ತಿರ ಟೋಪಿಯವನ ದೊಡ್ಡ ಚಿತ್ರವಿತ್ತು. ಅಲ್ಲಿ ಮಾತ್ರ ನಿಂತಳು. ನಲ್ಲಿ, ಸುತ್ತಿಟ್ಟ ಪೈಪು, ಕೈಗಾಡಿ, ಅದರಲ್ಲಿ ಒಣ ಎಲೆ, ಆಚೆ ದಾಸವಾಳ. ಅವಳು ಕಣ್ಣು ಕಿರಿದು ಮಾಡಿ ಬಗ್ಗಿದಳು.

"ಇವು ನಿನ್ನ ಚಪ್ಪಲಿ ಅಲ್ವೇನೋ?"

ಹೌದು, ಅವನವೇ. ಎಡಗಾಲಿನದರ ಉಂಗುಷ್ಠ ಕಿತ್ತು ತಂತಿ ಬಿಗಿದದ್ದು ಕೂಡ ಹಾಗೇ ಮೂಡಿತ್ತು.

"ಆವತ್ತು ಕೆಸರಿತ್ತು, ಬಿಚ್ಚಿಟ್ಟಿದ್ದೆ."

"ನೀನೆಲ್ಲಿದ್ದೆ?"

"ಅಲ್ಲೇ ಇದ್ದೆ. ಅಡ್ಡ ಆಗುತ್ತೆ ಅಂದ್ರು, ಆಚೆ ಹೋದೆ."

"ಚಪ್ಪಲಿ ಅಡ್ಡ ಆಗಲಿಲ್ವಂತಾ?" ಎಂದಳು ಅಕ್ಕ. ಇದು ಚುಚ್ಚುಮಾತೋ ಬರೀ ಪ್ರಶ್ನೆಯೋ ಅವನಿಗೆ ತಿಳಿಯಲಿಲ್ಲ.

ಡಾಕ್ಟರಮ್ಮ ಬಳ್ಳಿ ಚಪ್ಪರದ ಕೆಳಗೆ ಹತ್ತಾರು ಜನರ ನಡುವೆ ನಿಂತಿದ್ದರು. ಕಣ್ಣಿನ ಡಾಕ್ಟರಾಗಿ ನಿವೃತ್ತಿಯಾದವರು. ಒಳ್ಳೆಯವರೇ, ಜ್ವರ ಬಂದರೆ ತಾವೇ ಕೋಣೆಯವರೆಗೆ ಬಂದು ಮಾತ್ರೆ ಕೊಡುತ್ತಿದ್ದರು. "ಇದನ್ನ ನೆಟ್ಟಾಗ ಬೆರಳುದ್ದ ಇತ್ತು, ನಂಬ್ತೀರಾ?" ಎಂದು ಯಾರಿಗೋ ಹೇಳುತ್ತಿದ್ದವರು ಇವನನ್ನು ನೋಡಿ, "ಮಾಲಿ, ಸರಿಯಾದ ಹೊತ್ತಿಗೆ ಬಂದೆ. ಒಳಗಿಂದ ನಾಲ್ಕು ಕುರ್ಚಿ ತಂದು ಹಾಕು, ವಯಸ್ಸಾದವರು ನಿಂತಿದ್ದಾರೆ" ಎಂದರು.

"ಅಮ್ಮಾ, ಇವಳು ನಮ್ಮಕ್ಕ."

"ಓ, ಬನ್ನಿ ಬನ್ನಿ. ಎಲ್ಲ ನೋಡಿಕೊಂಡು ಹೋಗಿ. ನಿಮ್ಮ ತಮ್ಮ ಬಹಳ ನಂಬಿಕಸ್ಥ."

ಅಕ್ಕ ಕೈಮುಗಿದಳು. ಮಾಲಿ ಕುರ್ಚಿ ತರಲು ಹೋದ. ನಾಲ್ಕು ಎಂದದ್ದು ಎಂಟಾಯಿತು, ಆಮೇಲೆ ಒಂದು ಮೇಜು, ಆಮೇಲೆ ನೀರಿನ ಡ್ರಮ್ಮು. ಅಂಗಿಯ ಬೆನ್ನು ಒದ್ದೆಯಾಗಿ ಅವನು ತಿರುಗಿ ಬಂದಾಗ ಅಕ್ಕ ಚಪ್ಪರದ ಕೆಳಗಿರಲಿಲ್ಲ. ಗುಲಾಬಿಯ ಹತ್ತಿರವೂ ಇಲ್ಲ, ಚಿತ್ರಗಳ ಹತ್ತಿರವೂ ಇಲ್ಲ. ಕೊನೆಗೆ ಹಿಂದಿನ ಗೋಡೆಯ ಕಡೆ ಬ್ಯಾಡ್ಜಿನ ಇನ್ನೊಬ್ಬ ಹೆಂಗಸಿನ ದನಿ ಕೇಳಿಸಿತು: "ಅಮ್ಮಾ, ದಯವಿಟ್ಟು ಗಿಡ ಮುಟ್ಟಬೇಡಿ. ಹಗ್ಗದಿಂದ ಈಚೆ ಬನ್ನಿ."

"ಗಿಡ ಮುಟ್ಟಲಿಲ್ಲ ತಾಯಿ. ಮಣ್ಣು ಮುಟ್ಟಿದೆ."

ಅಕ್ಕ ಹಗ್ಗ ದಾಟಿ, ಡೇರೆಯ ಮಡಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದಳು. ಬಲಗೈ ಮಣಿಕಟ್ಟಿನವರೆಗೆ ಮಣ್ಣಿನಲ್ಲಿತ್ತು. ಮಾಲಿ ಓಡಿಹೋಗಿ ಆ ಹೆಂಗಸಿಗೆ, "ಪರವಾಗಿಲ್ಲ, ನಮ್ಮೋರು" ಎಂದ. ಅವಳು ಇವನನ್ನೂ ಅನುಮಾನದಿಂದ ನೋಡಿ, ಯಾರೋ ಕರೆದರೆಂದು ಹೋದಳು.

ಅಕ್ಕ ಒಂದು ಹಿಡಿ ಎತ್ತಿದಳು. ಮುಷ್ಟಿ ಕಟ್ಟಿ ಬಿಟ್ಟಳು. ಮಣ್ಣು ಉಂಡೆಯಾಗಿ ನಿಂತು, ಹೆಬ್ಬೆರಳು ತಾಗಿಸಿದೊಡನೆ ಪುಡಿಯಾಗಿ ಉದುರಿತು. ಮೂಗಿನ ಹತ್ತಿರ ಹಿಡಿದಳು. ಒಂದು ಎರೆಹುಳು ಅವಳ ಅಂಗೈಯಿಂದ ಜಾರಿ ಕೆಳಗೆ ಬಿತ್ತು.

"ಮೊದಲು ಹೇಗಿತ್ತೋ ಇದು?"

"ಮಣ್ಣೇ ಇರಲಿಲ್ಲ ಅಕ್ಕ. ಮನೆ ಕಟ್ಟಿದೋರು ಎಲ್ಲಾ ಇಲ್ಲೇ ಸುರಿದಿದ್ರು. ಇಟ್ಟಿಗೆ ಚೂರು, ಸುಣ್ಣ, ಗಾಜು. ಎರಡು ವರ್ಷ ಬರೀ ಜರಡಿ ಹಿಡಿದೆ."

"ಆಮೇಲೆ?"

ಅವನು ಅವಳ ಪಕ್ಕದಲ್ಲಿ ಕೂತ. ಇಸ್ತ್ರಿಯ ಪ್ಯಾಂಟು ಎಂಬುದು ಮರೆತುಹೋಯಿತು. ಆಮೇಲೆ ಏನೇನು ಮಾಡಿದೆ ಎಂಬುದನ್ನೆಲ್ಲ ಹೇಳುತ್ತ ಹೋದ: ಬೀದಿಯ ಮರಗಳ ಎಲೆ ಗುಡಿಸಿ ತಂದದ್ದು, ಆಚೆ ಬೀದಿಯ ಹಾಲಿನವನ ಕೊಟ್ಟಿಗೆಯಿಂದ ಸೆಗಣಿ ಹೊತ್ತದ್ದು, ಕೆರೆಯ ಗೋಡುಮಣ್ಣು ಬುಟ್ಟಿಗಟ್ಟಲೆ ತಂದು ಹರಡಿದ್ದು, ಮೊದಲ ಎರೆಹುಳು ಕಂಡ ದಿನ ಅದರ ಮೇಲೆ ಒದ್ದೆ ಗೋಣಿ ಮುಚ್ಚಿ ಕಾದದ್ದು. ಬೇರೆ ಯಾರೂ ಇಂಥದ್ದನ್ನು ಕೇಳಿರಲಿಲ್ಲ. ಎಲ್ಲರೂ ಹೂವಿನ ಹೆಸರು ಕೇಳುತ್ತಿದ್ದರು. ಅಕ್ಕ ಮಾತ್ರ, "ಎಷ್ಟು ಆಳ ಇದೆ?" ಎಂದಳು.

"ಕೈ ಇಳಿಸು. ಮೊಳಕೈ ಮುಳುಗುತ್ತೆ."

ಅವಳು ಇಳಿಸಿದಳು. ಮೊಳಕೈವರೆಗೆ ಇಳಿಯಿತು. ಹಾಗೇ ಸ್ವಲ್ಪ ಹೊತ್ತು ಕೂತಿದ್ದಳು, ಯಾರದೋ ಕೈ ಹಿಡಿದುಕೊಂಡವಳ ಹಾಗೆ. ಮಾಲಿ ಅವಳ ಮುಖ ನೋಡುತ್ತಿದ್ದ. ಅವಳಿಗೆ ತಿಳಿಯಿತು, ಎಂದುಕೊಂಡ. ಹತ್ತೊಂಬತ್ತು ವರ್ಷಕ್ಕೆ ಇದೊಂದು ಗಳಿಗೆ ಸಾಕು ಎನ್ನಿಸಿತು.

ಅಕ್ಕ ಕೈ ಹೊರಗೆ ತೆಗೆದಳು. ಮಣ್ಣನ್ನು ಕೊಡವಲಿಲ್ಲ.

"ಇಂಥಾ ಮಣ್ಣನ್ನ ಕಂಡೋರ ಜಾಗದಲ್ಲಿ ಮಾಡಿಟ್ಟೆಯಲ್ಲೋ ತಮ್ಮ."

ಬೈಗುಳದ ದನಿಯಲ್ಲ.

"ನಮ್ಮ ಹಿತ್ತಲಲ್ಲಿ ಹಾರೆ ಹಾಕಿದ್ರೆ ಠಣ್ ಅನ್ನುತ್ತೆ ಕಣೋ" ಎಂದಳು. "ನಾನೊಬ್ಬಳು ಎಷ್ಟು ಅಂತ ಹೊರಲಿ ಗೊಬ್ಬರ. ನಿನಗೆ ಬೇಸಾಯ ಬರಲ್ಲ, ಅದಕ್ಕೇ ಹೂವಿನ ಹಿಂದೆ ಬಿದ್ದಿದ್ದೀಯ ಅಂತ ನಾನು ಅಂದ್ಕೊಂಡಿದ್ದೆ. ಬರಲ್ಲ ಅಂತಾನೇ ಸಮಾಧಾನ ಮಾಡ್ಕೊಂಡಿದ್ದೆ."

"ಮಣ್ಣಿಗೆ ನಮ್ಮೋರು, ಕಂಡೋರು ಅಂತ ಇರುತ್ತಾ ಅಕ್ಕ?"

"ಮಣ್ಣಿಗೆ ಇರಲ್ಲ. ನಮಗಿರುತ್ತೆ."

ಚಿತ್ರ ನೋಡುತ್ತ ಬಂದ ಒಂದು ಸಂಸಾರ ಇವರಿಬ್ಬರನ್ನು ದಾಟಿ ಹೋಯಿತು. ಅಕ್ಕ ಅವನ ಭುಜ ಹಿಡಿದು ಎದ್ದಳು. ಸೆರಗಿನ ಹಸಿರು ಚೀಟಿ ಕಿತ್ತು ಎಲ್ಲಿ ಹಾಕುವುದೆಂದು ನೋಡಿ, ಗೊತ್ತಾಗದೆ ಅವನ ಕೈಗೆ ಕೊಟ್ಟಳು. "ಎರಡು ಗಂಟೆ ಬಸ್ಸಿಗೆ ಹೋಗ್ತೀನಿ. ಎಮ್ಮೆ ಕಟ್ಟಿ ಬಂದಿದ್ದೀನಿ."

"ಇನ್ನೂ ಅರ್ಧ ತೋಟ ಇದೆ ಅಕ್ಕ. ಕೊಳದಲ್ಲಿ ನೈದಿಲೆ ಇದೆ."

"ನೋಡಿದ ಹಾಗೇ ಆಯ್ತು."

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಇಬ್ಬರೂ ಪೇಪರ್ ಕಪ್ಪಿನಲ್ಲಿ ಟೀ ಕುಡಿದರು. ಅವಳ ಉಗುರುಗಳಲ್ಲಿ ಇನ್ನೂ ಕಪ್ಪು ಮಣ್ಣಿತ್ತು.

"ಬಂದುಬಿಡೋ" ಎಂದಳು. "ಕೊಟ್ಟಿಗೆ ಹಿಂದಿನ ಜಾಗ ಹಾಗೇ ಬಿದ್ದಿದೆ. ಬೇಕಾದ್ರೆ ಹೂವೇ ಹಾಕು, ನಾನೇನೂ ಅನ್ನಲ್ಲ."

"ನೋಡೋಣ. ಈ ಮಳೆಗಾಲ ಮುಗೀಲಿ."

"ಹತ್ತೊಂಬತ್ತು ಮಳೆಗಾಲ ಮುಗಿದವು."

ಅವನು ಕಪ್ಪಿನ ತಳ ನೋಡುತ್ತ ಲೆಕ್ಕ ಹಾಕಿದ. ಕಲ್ಲು ಆರಿಸಲು ಎರಡು ವರ್ಷ. ಗೋಡು, ಎಲೆ, ಸೆಗಣಿ ಒಂದಕ್ಕೊಂದು ಬೆರೆಯಲು ಐದಾರು ವರ್ಷ. ಮೊಳಕೈ ಇಳಿಯಬೇಕಾದರೆ ಹದಿನೈದು. ಅವನಿಗೆ ಐವತ್ತೆಂಟು, ಅಕ್ಕನಿಗೆ ಅರವತ್ತೇಳು. ಈ ಲೆಕ್ಕವನ್ನು ಬಾಯಿಬಿಟ್ಟು ಹೇಳಲಿಲ್ಲ. ಹುಟ್ಟಿದಾಗಿನಿಂದ ಹೊಲದಲ್ಲೇ ಇರುವವಳಿಗೆ ಅದನ್ನು ಹೇಳಿಕೊಡಬೇಕಾಗಿರಲಿಲ್ಲ. ಬಸ್ಸು ಬಂತು. ಅವಳು ಹತ್ತಿ ಆಚೆ ಬದಿಯ ಸೀಟಿನಲ್ಲಿ ಕೂತಳು. ಇವನಿಗೆ ಅವಳ ಬಿಳಿ ತುರುಬು ಮಾತ್ರ ಕಂಡಿತು.

ಅವನು ವಾಪಸು ಬರುವ ಹೊತ್ತಿಗೆ ಜನ ಕರಗುತ್ತಿದ್ದರು. ಡಾಕ್ಟರಮ್ಮ ಮೆಟ್ಟಿಲ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿದ್ದರು.

"ಎಲ್ಲಿ ಹೋಗಿದ್ದೆಯೋ? ಮಾತಾಡುವಾಗ ನಿನ್ನ ಹೆಸರು ಹೇಳಿದೆ, ಈ ತೋಟ ಎಲ್ಲಾ ಇವನದೇ ಅಂತ. ಎಲ್ಲರೂ ತಿರುಗಿ ತಿರುಗಿ ಹುಡುಕಿದರು. ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು, ಆಸಾಮಿಯೇ ಇಲ್ಲ."

"ಅಕ್ಕನ್ನ ಬಸ್ಸಿಗೆ ಬಿಡೋಕೆ ಹೋಗಿದ್ದೆ ಅಮ್ಮಾ."

"ಅವರಿಗಾದರೂ ಇಷ್ಟ ಆಯ್ತಾ?"

"ಆಯ್ತಮ್ಮ" ಎಂದ.

ಹಳೆಯ ಅಂಗಿ ಹಾಕಿಕೊಂಡು ಕಳೆಗುದ್ದಲಿ ಹಿಡಿದು ಮಡಿಗಳ ಅಂಚಿಗೆ ಹೋದ. ಸಾವಿರ ಕಾಲು ತುಳಿದ ನೆಲ ಹಪ್ಪಳದಂತೆ ಕಟ್ಟಿಕೊಂಡಿತ್ತು. ಅದನ್ನು ಇವತ್ತೇ ಸಡಿಲಿಸದಿದ್ದರೆ ನೀರು ಇಳಿಯುವುದಿಲ್ಲ. ಅವನು ಕೂತು ಕೆದಕತೊಡಗಿದ.

ಇಷ್ಟು ವರ್ಷ ಅವನು ಈ ತೋಟದಲ್ಲಿ ಒಬ್ಬನೇ ಕೆಲಸ ಮಾಡಿದವನಲ್ಲ. ಅದು ಯಾರಿಗೂ ಗೊತ್ತಿರಲಿಲ್ಲ, ಅಕ್ಕನಿಗೂ. ಚಿಗುರು ಬಂದರೆ, ಹುಳ ಬಿದ್ದರೆ, ಕಸಿ ಹತ್ತಿದರೆ, ಮನಸ್ಸಿನೊಳಗೇ ಅವಳಿಗೆ ಹೇಳುತ್ತಿದ್ದ: ನೋಡಕ್ಕ, ಇದು ಬಂತು, ನೋಡಕ್ಕ, ಇದು ಹೋಯಿತು. ಮನಸ್ಸಿನೊಳಗಿನ ಆ ಅಕ್ಕ ಏನನ್ನೂ ನೋಡಿರದವಳು. ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತ, ಒಂದು ದಿನ ಬಂದು ನೋಡುತ್ತೇನೆ ಎನ್ನುತ್ತಿದ್ದಳು.

ಸೇವಂತಿಗೆ ಮಡಿಯಲ್ಲಿ ಒಂದು ಎಳೆಯ ಗಿಡ ಯಾರದೋ ಕಾಲಿಗೆ ಸಿಕ್ಕಿ ಬುಡದಲ್ಲೇ ಬಾಗಿತ್ತು. ಮೊಗ್ಗು ಇನ್ನೂ ಹಸಿರಾಗಿತ್ತು. ಅವನು ರೂಢಿಯ ಮೇಲೆ ಅದನ್ನು ಎತ್ತಿ ಹಿಡಿದು, ಒಳಗೊಳಗೇ ಮಾತು ಶುರುಮಾಡಲು ಹೋಗಿ ನಿಲ್ಲಿಸಿದ. ಕೇಳಬೇಕಾದವಳು ಬಂದು ನೋಡಿ ಹೋಗಿಯಾಗಿತ್ತು. ಆಮೇಲೆ ಒಂದು ಕಡ್ಡಿ ಮುರಿದು ಪಕ್ಕದಲ್ಲಿ ನೆಟ್ಟು, ನಾರಿನಿಂದ ಸಡಿಲವಾಗಿ ಕಟ್ಟಿ, ಮುಂದಿನ ಗಿಡಕ್ಕೆ ಸರಿದ.