ಒಳಕಾಗದ

"ಆ ಮೀನುಬುಟ್ಟಿ ರಂಡೇನ ಕಿತ್ತು ಬಿಸಾಕೋ, ಬೋಳಿಮಗನೆ! ಜನ ಇಲ್ಲಿಗೆ ದೋಸೆ ತಿನ್ನುಕೆ ಬರ್ತ್ರೋ, ಬಂಗಡೆ ನಾತ ಕುಡಿಯುಕೆ ಬರ್ತ್ರೋ?"

ಸ್ಟೂಲಿನ ಮೇಲೆ ನಿಂತಿದ್ದ ಮಾಬ್ಲನ ಬಾಯ್ತುಂಬ ಮೊಳೆ. ಉತ್ತರ ಕೊಡುವಂತಿರಲಿಲ್ಲ, ನುಂಗುವಂತೆಯೂ ಇರಲಿಲ್ಲ.

ಬೈಯುತ್ತಿದ್ದವನು ಕುಮಟೆಯ ಹೊಟೇಲು ಮಾಲೀಕ ವೆಂಕಟ್ರಮಣಯ್ಯ. ಎಮರ್ಜೆನ್ಸಿ ಮುಗಿದ ವರುಷ ಅವನು ಹೊಟೇಲಿಗೊಂದು ಫ್ಯಾಮಿಲಿ ರೂಮು ಸೇರಿಸಿದ. ಕಿಟಕಿಯಿಲ್ಲ, ಬೇರೆ ಬಲ್ಬೂ ಇಲ್ಲ. "ಬೊಂಬಾಯಲ್ಲಿ ಹಿಂಗೇ, ಗೋಡೆ ಚಿತ್ರದ ಬೆಳಕಲ್ಲೇ ಉಣ್ತ್ರು" ಎಂದು, ದೀಪಾವಳಿಗೆ ಗೂಡುದೀಪ ಕಟ್ಟುವ, ಬಾಡ ಎಂಬ ಊರಿನ ಮಾಬ್ಲನನ್ನು ಕರೆಸಿದ್ದ. ಮಾಬ್ಲ ಗೋಡೆಯುದ್ದ ಬಿದಿರಿನ ಚೌಕಟ್ಟು ಕಟ್ಟಿ, ಬಣ್ಣದ ಕಾಗದ ಬಿಗಿದು, ಹಿಂದೆ ಟ್ಯೂಬ್‌ಲೈಟು ಕೂರಿಸಿದ್ದ. ಚಿತ್ರದಲ್ಲಿ ಕಡಲು, ದೋಣಿ, ರಂಪಣಿ ಬಲೆ ಎಳೆಯುವ ಜನ, ಸಾಲಿನ ಕೊನೆಗೆ ಬುಟ್ಟಿ ಹೊತ್ತ ಹೆಂಗಸು. ಮೂಗು, ತುರುಬು ಎಲ್ಲ ಅವನ ಹೆಂಡತಿ ಲಕ್ಕಿಯದೇ.

"ಬಲೆ ಎಳೆವ್ರನ್ನೂ ತೆಗಿ. ಸಮುದ್ರ ಇರ್ಲಿ, ಮೀನು ಬ್ಯಾಡ. ದೋಣಿ ಇರ್ಲಿ, ಮನ್ಶರು ಬ್ಯಾಡ."

ಮಾಬ್ಲ ಮೊಳೆಗಳನ್ನು ಅಂಗೈಗೆ ಉಗಿದ. "ದೋಣಿ ಯಾರು ನಡೆಸ್ತ್ರು, ಒಡಿಯಾ?"

"ಗಾಳಿ ನಡೆಸ್ತದೆ. ನಿಂಗೆಂತ?"

ಮಾಬ್ಲ ಹಲ್ಲು ಕಚ್ಚಿದ. ಕೆಲಸ ಒಪ್ಪುವಾಗ ಅವನು ಕೇಳಿಕೊಂಡದ್ದು ಒಂದೇ: ರೂಮಿನ ಪೂಜೆಯ ದಿನ ತಾನೂ ಲಕ್ಕಿಯೂ ಚಿತ್ರದ ಕೆಳಗೆ ಕುರ್ಚಿಯಲ್ಲಿ ಕೂತು ಉಣ್ಣಬೇಕು. "ಆತು ಮಾರಾಯ, ಮೊದಲ ಎಲೆ ನಿಮ್ದೇ" ಎಂದಿದ್ದ ವೆಂಕಟ್ರಮಣಯ್ಯ. ಆ ಎಲೆಗಾಗಿ ಲಕ್ಕಿ ಪೆಟ್ಟಿಗೆಯೊಳಗಿನ ಕೆಂಪು ಸೀರೆಯನ್ನು ಆಗಲೇ ಬಿಸಿಲಿಗೆ ಹಾಕಿದ್ದಳು.

ಅಷ್ಟರಲ್ಲಿ ಲಕ್ಕಿಯೇ ಗಂಡನಿಗೆ ಗಂಜಿ ಹಿಡಿದು ಒಳಬಂದಳು. ಚಿತ್ರ ನೋಡಿ ಬಾಯಿ ತೆರೆದು ನಿಂತಳು.

"ಹೊಸ ನೆಲ ಹೊಲೆ ಮಾಡ್ತೀಯೇನೇ! ಗಣಪಿ, ಇವಳನ್ನ ಹಿಂದೆ ಕಳ್ಸು, ಸಗಣಿ ನೀರು ತಾ!"

ಹಿತ್ತಲಿನ ಪಾತ್ರೆ ತೊಳೆಯುವ ಕಲ್ಲಿನ ಬಳಿ ಲಕ್ಕಿ ಕುಕ್ಕರಗಾಲಲ್ಲಿ ಕೂತಳು. ಸಪ್ಲಾಯರ್ ಗಣಪಿ ತೆಂಗಿನ ಗರಟೆಗೆ ಮಾರೆತ್ತರದಿಂದ ಚಹಾ ಹೊಯ್ದ.

"ನಾಳೆ ಪೂಜೆಗೆ ನಮ್ಮ ಎಲೆ ಎಲ್ಲಿ ಹಾಕ್ತ್ರಾ?" ಕೇಳಿದಳು ಲಕ್ಕಿ.

"ಇಲ್ಲೇ ಅಂದ್ರು" ಎಂದು ತಲೆ ತಗ್ಗಿಸಿ ಗಣಪಿ ಒಳಹೋದ.

ಮಾಬ್ಲ ಅವಳ ಪಕ್ಕದಲ್ಲೇ ಗಂಜಿಗೆ ಕೂತಿದ್ದ. ಅವಳನ್ನು ನಗಿಸೋಣವೆಂದು ವೆಂಕಟ್ರಮಣಯ್ಯನ ಮೂಗಿನ ದನಿಯಲ್ಲೇ ಎಳೆದ: "ಗಣಪೀ! ಸಮುದ್ರ ಇರ್ಲಿ, ಮೀನು ಬ್ಯಾಡ!"

ಗಣಪಿ ಬಿದ್ದೆನೋ ಎದ್ದೆನೋ ಎಂದು ಓಡಿಬಂದ. "ಎಂತ, ಒಡಿಯಾ?"

ಲಕ್ಕಿ ನಗಲಿಲ್ಲ. "ನಾಳೆ ನಾ ಬರೂದಿಲ್ಲ" ಎಂದಳು.

"ಬಾ" ಎಂದ ಮಾಬ್ಲ. "ಕೆಂಪು ಸೀರೆ ಉಟ್ಕಂಡೇ ಬಾ."

ಗೂಡುದೀಪದವರದೊಂದು ಕೆಲಸವಿದೆ. ಹೊರಕಾಗದದ ಹಿಂದೆ ಕಪ್ಪು ಕಾಗದದ ಗೊಂಬೆ ಅಂಟಿಸುತ್ತಾರೆ. ದೀಪವಿಲ್ಲದಾಗ ಕಾಣದು, ಹೊತ್ತಿದರೆ ಎದ್ದು ನಿಲ್ಲುತ್ತದೆ. ಅದಕ್ಕೆ ಒಳಕಾಗದ ಎನ್ನುತ್ತಾರೆ. ಮಾಬ್ಲ, ಒಡೆಯ ಹೇಳಿದಷ್ಟನ್ನೂ ಕಿತ್ತ. ಕಡಲು ಖಾಲಿಯಾಯಿತು. ಆಮೇಲೆ ಕತ್ತರಿ ಹಿಡಿದು ಚೌಕಟ್ಟಿನ ಹಿಂದೆ ನುಸುಳಿದ.

ಮರುದಿನ ತಹಸೀಲ್ದಾರರು ಹೆಂಡತಿಯೊಡನೆ ನಡುವಿನ ಮೇಜಿಗೆ ಕೂತರು. ಭಟ್ಟರು ಕಾಯಿ ಒಡೆದರು. ಬಾಗಿಲು ಮುಚ್ಚಿಸಿ, "ಲೈಟು ಹಾಕೋ ಗಣಪಿ!" ಎಂದ ವೆಂಕಟ್ರಮಣಯ್ಯ.

ಕಡಲು ಬೆಳಗಿತು. ಕಡಲಿನ ತುಂಬ, ಗೋಡೆಯೆತ್ತರ, ಕುಕ್ಕರಗಾಲಲ್ಲಿ ಕೂತು ಗರಟೆಯೊಡ್ಡಿದ ಹೆಂಗಸು. ಮೇಲಿನಿಂದ, ಎಲ್ಲಿಯೂ ಮುಟ್ಟದಂತೆ, ಚಹಾ ಹೊಯ್ಯುವ ಕೈ.

"ಅಯ್ಯ, ಇದು ನಮ್ಮ ಮನೆಗೆ ಮೀನು ತರೂ ಲಕ್ಕಿ ಅಲ್ದಾ?" ಎಂದರು ತಹಸೀಲ್ದಾರರ ಹೆಂಡತಿ.

"ಆರ್ಸು! ಆರ್ಸೋ ಗಣಪಿ!"

ಕತ್ತಲು. ಯಾರದೋ ಲೋಟ ಉರುಳಿತು.

"ಹಾಕೋ ಗಣಪಿ!" ಅದೇ ಮೂಗಿನ ದನಿ, ಹಿಂಬಾಗಿಲಿನಿಂದ.

ಬೆಳಕು. ಗೋಡೆಯಲ್ಲಿ ಲಕ್ಕಿ ಹಾಗೇ ಇದ್ದಳು.

"ಸೂಳೆಮಗನೆ, ಆರ್ಸು ಅಂದೆ!"

"ಸೂಳೆಮಗನೆ, ಹಾಕು ಅಂದೆ!"

"ಅದು ನಾನಲ್ವೋ!"

"ಅದು ನಾನಲ್ವೋ!"

ಗಣಪಿ ಸ್ವಿಚ್ಚಿನ ಗುಂಡಿ ಒತ್ತಿದ. ರೂಮು ಮತ್ತೆ ಕತ್ತಲಾಯಿತು. ಮುಂಬಾಗಿಲು ಕಿರುಗುಟ್ಟಿತು. ಕುರ್ಚಿಯೊಂದು ನೆಲ ಕೆರೆದುಕೊಂಡು ಹಿಂದೆ ಸರಿಯಿತು. ಈ ಸಲದ ದನಿ ಹೆಂಗಸಿನದು, ಯಾರನ್ನೂ ಅಣಕಿಸಲಿಲ್ಲ.

"ಹಾಕು, ಗಣಪಣ್ಣ. ಉಣ್ಣುಕೆ ಎಲೆ ಕಾಣ್ಬೇಕಲ್ದಾ?"

ಗಣಪಿ ಹಾಕಿದ. ಚಿತ್ರದ ಕೆಳಗೆ, ಗರಟೆಯೊಡ್ಡಿದ ತನ್ನದೇ ನೆರಳಿನ ಬುಡದಲ್ಲಿ, ಕೆಂಪು ಸೀರೆಯ ಲಕ್ಕಿ ಮೊದಲ ಎಲೆಯನ್ನು ತನ್ನ ಮುಂದಕ್ಕೆ ಎಳೆದುಕೊಂಡು ಕೂತಿದ್ದಳು. ವೆಂಕಟ್ರಮಣಯ್ಯ "ಆರ್ಸೋ!" ಎನ್ನುತ್ತ ಅವಳತ್ತ ನುಗ್ಗುತ್ತಿದ್ದ. ಗುಂಡಿಯ ಮೇಲಿನ ಕೈಯನ್ನು ಗಣಪಿ ತೆಗೆದು ಬೆನ್ನ ಹಿಂದೆ ಕಟ್ಟಿಕೊಂಡ.