ಮೈದುನನ ಹ್ಞೂಂ

ಮಧ್ಯರಾತ್ರಿ ಕಿಟಕಿಯಾಚೆ ನಿಲ್ಲಿಸಿದ್ದ ಕಾರಿನಡಿ ಟಪ್ ಎಂದು ಹನಿ ಬಿದ್ದ ಸದ್ದು ಕೇಳಿಸಿತು. ಹೊಸದಾಗಿ ಕೊಂಡ ಆ ಹಳೇ ಕಾರಿನ ಬ್ರೇಕ್ ಪೈಪನ್ನು ಗಂಡ, ಮೈದುನ ಸೇರಿ ಸಂಜೆಯಷ್ಟೇ ಬದಲಿಸಿದ್ದರು. ಬೆಳಿಗ್ಗೆ ಮಗಳು ಅದರಲ್ಲೇ ಶಾಲೆಗೆ ಹೋಗಬೇಕು. ಎದ್ದು ಹೋಗಿ ಬ್ರೇಕ್ ತುಳಿದೆ. ಪೆಡಲ್ ಪೂರ್ತಿ ಕೆಳಗಿಳಿಯಿತು, ಬ್ರೇಕ್ ಹಿಡಿಯಲೇ ಇಲ್ಲ. ಮೈದುನನನ್ನು ಎಬ್ಬಿಸಿದೆ.

“ಬೋಲ್ಟ್ ಬಿಗಿ ಮಾಡಿದ್ಯಾ ಅಂತ ನಿಮ್ಮಣ್ಣ ಕೇಳಿದ್ದಕ್ಕೆ ಹ್ಞೂಂ ಅಂದ್ಯಲ್ಲೋ?”

“ಅಭ್ಯಾಸ ಅತ್ತಿಗೆ. ಊಟ ಆಯ್ತಾ ಅಂದ್ರೂ ಹಸ್ಕೊಂಡೇ ಹ್ಞೂಂ ಅಂತೀನಿ.”

ನನಗೆ ನಗು ಬರಲಿಲ್ಲ. ಅವನು ಬೋಲ್ಟ್ ಬಿಗಿದು ಬ್ರೇಕ್ ಆಯಿಲ್ ತುಂಬಿದ. ನಾನು ಪೆಡಲ್ ತುಳಿದಾಗಲೆಲ್ಲ ಪೈಪಿನೊಳಗೆ ಸೇರಿದ್ದ ಗಾಳಿ ತೆಗೆದ. ಕೊನೆಗೆ ಪೆಡಲ್ ಗಟ್ಟಿಯಾಯಿತು.

“ಅಣ್ಣಂಗೆ ಗೊತ್ತಾದ್ರೆ ಕಾರು ಮುಟ್ಟೋಕೂ ಬಿಡಲ್ಲ,” ಎಂದ.

“ಉಳಿದ ಬೋಲ್ಟೆಲ್ಲ ನೋಡಿದ್ಯಾ?”

ಅವನು ಹ್ಞೂಂ ಅನ್ನಲು ಬಾಯಿ ತೆರೆದ, ಮುಚ್ಚಿದ, ಟಾರ್ಚ್ ಹಿಡಿದು ಮತ್ತೆ ಕಾರಿನಡಿ ನುಸುಳಿದ. ಅದನ್ನು ನೋಡಿ, ಯಾರಿಗೂ ಹೇಳುವುದು ಬೇಡವೆಂದು ಆ ಕ್ಷಣವೇ ನಿರ್ಧರಿಸಿದೆ.