ಸಾಕ್ಷಿಯಣ್ಣ ಹೇಳಿದ ಸುಳ್ಳು

ಕ್ಷೌರದ ಅಂಗಡಿಯವನಿಗೆ ಸಭೆಯಲ್ಲಿ ಸಾಕ್ಷಿಯಣ್ಣ ಎಂಬ ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಭಾನುವಾರದ ಆರಾಧನೆಯಲ್ಲಿ ಪಾಸ್ಟರು "ದೇವರ ಉಪಕಾರಕ್ಕೆ ಯಾರಾದ್ರೂ ಸಾಕ್ಷಿ ಹೇಳೋರಿದ್ದೀರಾ?" ಎಂದು ಕೇಳಿ ಬಾಯಿ ಮುಚ್ಚುವುದರೊಳಗೆ ಇವನು ಎದ್ದು ನಿಂತಿರುತ್ತಿದ್ದ. ನೆಗಡಿ ವಾಸಿಯಾದರೂ ಸಾಕ್ಷಿ, ಕಳೆದ ಬೀಗದ ಕೈ ಸಿಕ್ಕರೂ ಸಾಕ್ಷಿ. ಹಿಂದಿನ ಸಾಲಿನ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ಮುಸಿಮುಸಿ ನಗುತ್ತಿದ್ದರು. ನಗಲಿ ಬಿಡಿ, ಅವನಿಗೇನು!

ಅಂಗಡಿಯಲ್ಲೂ ಅದೇ ಕಥೆ. ಗಿರಾಕಿಯ ಕುತ್ತಿಗೆಗೆ ಬಟ್ಟೆ ಕಟ್ಟಿ, ಕೆನ್ನೆಗೆ ನೊರೆ ಬಳಿದು, ಕತ್ತಿಯನ್ನು ಗಂಟಲ ಹತ್ತಿರ ತಂದ ಮೇಲೆಯೇ ಇವನ ಸುವಾರ್ತೆ ಶುರುವಾಗುತ್ತಿತ್ತು. "ಮನೇಲಿ ನೆಮ್ಮದಿ ಇದ್ಯಾ ಅಣ್ಣ? ಒಂದು ಭಾನುವಾರ ನಮ್ಮ ಸಭೆಗೆ ಬಂದು ನೋಡಿ." ಕತ್ತಿಯ ಕೆಳಗೆ ಕೂತವನು ತಲೆ ಅಲ್ಲಾಡಿಸುವ ಹಾಗಿದೆಯೇ? "ಹ್ಞೂಂ" ಅನ್ನುವುದೊಂದೇ ದಾರಿ. ಆ ಹ್ಞೂಂಗಳನ್ನೆಲ್ಲ ಒಪ್ಪಿಗೆ ಎಂದುಕೊಂಡು ಇವನು ಮನೆಗೆ ಬಂದು ಹೆಂಡತಿಯ ಮುಂದೆ ಉಬ್ಬುತ್ತಿದ್ದ.

"ಇವತ್ತು ಬ್ಯಾಂಕಿನವ್ರು ಬರ್ತೀನಿ ಅಂದ್ರು ಕಣೇ."

"ನೊರೆ ಒರೆಸಿದ ಮೇಲೂ ಹಾಗೇ ಅಂದ್ರಾ?" ಎಂದು ಅವಳು ಪಾತ್ರೆ ತೊಳೆಯುತ್ತಲೇ ಕೇಳುತ್ತಿದ್ದಳು.

ಟೈರ್ ಅಂಗಡಿಯ ಮೇಲಿದ್ದ ಆ ಸಭೆಗೆ ಈಚೆಗೆ ಕುರ್ಚಿ ಸಾಲುತ್ತಿರಲಿಲ್ಲ. ಕೆಳಗಿನಿಂದ ಸ್ಟೂಲು ಇಸಿದುಕೊಂಡು ಬರಬೇಕಾಗಿತ್ತು. ಇದೆಲ್ಲ ಸಾಕ್ಷಿಯಣ್ಣನ ಸೇವೆಯ ಫಲ ಎಂದು ಪಾಸ್ಟರು ಹೊಗಳಿದಾಗ ಇವನು ವಿನಯದಿಂದ ತಲೆ ಬಾಗಿಸುತ್ತಿದ್ದ. ನಿಜ ಹೇಳಬೇಕೆಂದರೆ, ಆ ಮೆಟ್ಟಿಲು ಹತ್ತಿ ಬಂದವರಲ್ಲಿ ಮುಕ್ಕಾಲು ಪಾಲು ಅವನ ಹೆಂಡತಿಯ ಪರಿಚಯದವರು. ಅವಳು ಯಾರಿಗೂ ಸುವಾರ್ತೆ ಸಾರಿದವಳಲ್ಲ. ಒಬ್ಬಳ ಕೂಸನ್ನು ಮಧ್ಯಾಹ್ನವೆಲ್ಲ ಎತ್ತಿಕೊಂಡಿದ್ದಳು, ಇನ್ನೊಬ್ಬಳ ಅತ್ತೆಗೆ ಆಪರೇಷನ್ ಆದಾಗ ಆಸ್ಪತ್ರೆಯ ಬೆಂಚಿನ ಮೇಲೆ ಜೊತೆಗೆ ಕೂತಿದ್ದಳು. ಹಾಗೆ ಕೂತವಳನ್ನು ಯಾವತ್ತೋ ಒಂದು ದಿನ ಅವರೇ ಕೇಳುತ್ತಿದ್ದರು: "ಭಾನುವಾರ ಎಲ್ಲಿಗೆ ಹೋಗ್ತೀರಕ್ಕ? ನಾನೂ ಬರ್ಲಾ?" ಇದು ಅವನಿಗೆ ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿದ್ದೂ ಹೊಗಳಿಕೆಯನ್ನು ತನ್ನ ಜೇಬಿಗೇ ಹಾಕಿಕೊಳ್ಳುತ್ತಿದ್ದ.

ಇವರಿದ್ದ ಕಟ್ಟಡದ ಮೇಲಿನ ಮನೆಯಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಮಗಳೊಂದಿಗೆ ಇದ್ದಳು. ಕ್ಷೌರದವನ ಹೆಂಡತಿಯನ್ನು ಅಕ್ಕ ಎನ್ನುತ್ತಿದ್ದಳು, ಇವನನ್ನು ಭಾವ ಎನ್ನುತ್ತಿದ್ದಳು. ಹಾಗಾಗಿ ಅವಳ ಮಗಳು ಪುಟ್ಟಿಗೆ ಇವನು ದೊಡ್ಡಪ್ಪ. ಹೊಲಿಗೆಯವಳ ಗಂಡ ಲಾರಿ ಡ್ರೈವರು. "ಲೋಡು ತುಂಬ್ಕೊಂಡು ದೂರದ ಲೈನಿಗೆ ಹೋಗಿದಾರೆ" ಎಂದು ಅವಳು ಕೇಳಿದವರಿಗೆಲ್ಲ ಹೇಳುತ್ತಿದ್ದಳು. ಲೈನು ಅಷ್ಟು ದೂರವೇ ಎಂದು ಯಾರೂ ಕೆದಕಿರಲಿಲ್ಲ.

ಒಂದು ಮಧ್ಯಾಹ್ನ ಇವನು ಊಟಕ್ಕೆ ಬಂದಾಗ ಅಡುಗೆಮನೆಯಲ್ಲಿ ಮಾತು ಕೇಳಿಸಿತು. ಹೆಂಡತಿ ಪ್ರಾರ್ಥನೆಯಲ್ಲಿದ್ದಳು. ಅವಳದ್ದು ಬಾಯಿ ಬಿಟ್ಟೇ ಮಾಡುವ ಪ್ರಾರ್ಥನೆ, ಒಲೆಯ ಆಚೆ ಯಾರೋ ಕೂತಿದ್ದಾರೇನೋ ಎಂಬಂತೆ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದಳು. "ತಂದೆಯೇ, ಮೇಲಿನ ಮನೆ ನನ್ನ ತಂಗಿನ ನೋಡಪ್ಪ. ಅವಳ ಗಂಡ ಯಾವ ಲೈನಿಗೂ ಹೋಗಿಲ್ಲ. ಇದೇ ಊರಲ್ಲಿ ಇನ್ನೊಂದು ಸಂಸಾರ ಮಾಡ್ಕೊಂಡಿದಾನೆ…" ಸಾಕ್ಷಿಯಣ್ಣನ ಕಣ್ಣಲ್ಲಿ ನೀರೇ ಬಂತು, ಅದರಲ್ಲಿ ಸುಳ್ಳಿಲ್ಲ. ಮುಖ ತೊಳೆಯಲು ಹೊರಗಿನ ನಲ್ಲಿ ತಿರುಗಿಸಿದ. ಮಗುವಿಗೆ ಈ ವಿಷಯ ಗೊತ್ತಿಲ್ಲ, ಗೊತ್ತಾಗದ ಹಾಗೆ ಕಾಪಾಡು ಎಂದು ಅವಳು ಬೇಡಿಕೊಂಡ ಉಳಿದರ್ಧ ನೀರಿನ ಸದ್ದಿನಲ್ಲಿ ಹೋಯಿತು. ಊಟಕ್ಕೆ ಕೂತಾಗ ಅವನು ಕೇಳಿಸಿಕೊಂಡ ಮಾತು ಎತ್ತಲಿಲ್ಲ.

ಮುಂದಿನ ಭಾನುವಾರ ಹೊಲಿಗೆಯವಳು ಮೊದಲ ಸಲ ಸಭೆಗೆ ಬಂದಳು. ತಾನೇ ಹೊಲಿದ ಹೊಸ ಫ್ರಾಕು ಮಗಳಿಗೆ ತೊಡಿಸಿದ್ದಳು. ಹೆಂಡತಿ ಇಬ್ಬರನ್ನೂ ತನ್ನ ಪಕ್ಕದಲ್ಲೇ ಕೂರಿಸಿಕೊಂಡು ಹಾಡಿನ ಪುಸ್ತಕದಲ್ಲಿ ಪುಟ ತೆಗೆದುಕೊಟ್ಟಳು. ಪಾಸ್ಟರು ಹೊಸಬರನ್ನು ಸ್ವಾಗತಿಸಿ, ಸಾಕ್ಷಿ ಹೇಳುವವರಿದ್ದೀರಾ ಎಂದರು. ಎದ್ದನಲ್ಲ ನಮ್ಮ ಮಹಾರಾಯ!

"ನಮ್ಮ ಮೇಲಿನ ಮನೆ ತಂಗಿ ಇವತ್ತು ಬಂದಿದಾಳೆ. ಎಂಥಾ ಕಷ್ಟದಲ್ಲಿ ಬಂದಿದಾಳೆ ಗೊತ್ತಾ? ಕಟ್ಕೊಂಡ ಗಂಡ ಇದೇ ಊರಲ್ಲಿ ಇನ್ನೊಂದು ಸಂಸಾರ ಮಾಡ್ಕೊಂಡ. ಹೆಂಡತಿ ಮಗಳನ್ನ ಕೈಬಿಟ್ಟ. ಆದ್ರೆ ದೇವರು ಕೈಬಿಡಲಿಲ್ಲ!"

"ಆಮೆನ್" ಎಂದಿತು ಅರ್ಧ ಸಭೆ, ರೂಢಿಯ ಬಲದಿಂದ. ಇನ್ನರ್ಧ ಹೊಲಿಗೆಯವಳ ಕಡೆ ತಿರುಗಿತು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಪುಟ್ಟಿ ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಹೊಲಿಗೆಯವಳು ಮಗಳ ಕೈ ಹಿಡಿದು, ಕುರ್ಚಿಗಳ ನಡುವೆ ಮೊಣಕಾಲು ತಾಗಿಸಿಕೊಂಡು, ಯಾರನ್ನೂ ನೋಡದೆ ಹೊರಟುಹೋದಳು. ಅವಳ ಹಿಂದೆಯೇ ಇವನ ಹೆಂಡತಿಯೂ ಓಡಿದಳು. ಪಾಸ್ಟರು ಗಡಿಬಿಡಿಯಲ್ಲಿ ಒಂದು ಹಾಡು ಎತ್ತಿಕೊಂಡರು. ಸಾಕ್ಷಿಯಣ್ಣ ಇನ್ನೂ ನಿಂತೇ ಇದ್ದ. ಕೂರಬೇಕೆಂಬುದೂ ಅವನಿಗೆ ಹೊಳೆಯಲಿಲ್ಲ.

ಮನೆಗೆ ಬಂದಾಗ ಹೆಂಡತಿ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು.

"ಯಾರು ಹೇಳಿದ್ರು ನಿಮ್ಗೆ?"

"ನೀನೇ… ಪ್ರಾರ್ಥನೆ ಮಾಡ್ತಿದ್ಯಲ್ಲ, ಆವಾಗ…"

"ನಾನು ದೇವರ ಹತ್ರ ಹೇಳಿದ್ದು ಕಣ್ರೀ. ನಿಮ್ಮ ಹತ್ರ ಅಲ್ಲ." ಅವಳು ಕೂಗಲಿಲ್ಲ. ಕೂಗಿದ್ದರೆ ಎಷ್ಟೋ ಚೆನ್ನಾಗಿತ್ತು. "ಆ ಮಗೂಗೆ ಗೊತ್ತಿರ್ಲಿಲ್ಲ. ಅಪ್ಪ ಲೈನಿಂದ ಬರ್ತಾರೆ ಅಂತ ಕಾಯ್ತಾ ಇತ್ತು. ಮೇಲೆ ಹೋಗಿ ಎಷ್ಟು ತಟ್ಟಿದ್ರೂ ಅವಳು ಬಾಗ್ಲು ತೆಗೀಲಿಲ್ಲ. ನನ್ನ ನಂಬಿ ಹೇಳಿದ್ದನ್ನ ನಾನೇ ಊರಿಗೆಲ್ಲ ಹಂಚಿದೆ ಅಂದ್ಕೊಂಡಿದಾಳೆ."

 ಅಯ್ಯೋ, ನೆಲ ಬಾಯಿ ಬಿಟ್ಟು ನುಂಗಬಾರದೇ ಎಂದು ಅವನಿಗೆ ಅನಿಸಿತು. ಒಳ್ಳೆಯದಕ್ಕೇ ಹೇಳಿದೆ ಎನ್ನಲು ಬಾಯಿ ತೆರೆದ. ಯಾರ ಒಳ್ಳೆಯದಕ್ಕೆ ಎಂದು ಅವಳು ಕೇಳುತ್ತಾಳೆಂದು ಹೊಳೆದು ಹಾಗೇ ಮುಚ್ಚಿದ.

ಮಾರನೆಯ ದಿನದಿಂದ ಅಂಗಡಿಯಲ್ಲಿ ಕತ್ತರಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. "ಏನಯ್ಯಾ, ಗಂಟಲು ಕಟ್ಟಿದ್ಯಾ? ನಮ್ಮ ನೆಮ್ಮದಿ ವಿಚಾರಿಸ್ಲೇ ಇಲ್ಲ?" ಎಂದು ಗಿರಾಕಿಗಳು ಕಿಚಾಯಿಸಿದರು. ಇವನು ಹ್ಞೂಂ ಎಂದ. ಮುಖ ಮುಚ್ಚಿಕೊಳ್ಳೋಣವೆಂದರೆ ಕ್ಷೌರದ ಅಂಗಡಿಯಲ್ಲಿ ಜಾಗವೆಲ್ಲಿದೆ? ಎದುರಿಗೂ ಕನ್ನಡಿ, ಹಿಂದೆಯೂ ಕನ್ನಡಿ. ದಿನವಿಡೀ ತನ್ನ ಮುಖವನ್ನು ತಾನೇ ನೋಡಿ ಅವನಿಗೆ ಸಾಕುಸಾಕಾಯಿತು. ಮನೆಯಲ್ಲಿ ಹೆಂಡತಿ ಊಟ ಬಡಿಸುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಅಷ್ಟೇ. ಮೇಲಿನ ಮನೆಯಿಂದ ಹೊಲಿಗೆ ಮಿಷನ್ನಿನ ಸದ್ದೂ ಬರುತ್ತಿರಲಿಲ್ಲ.

ಕೊನೆಗೊಂದು ಸಂಜೆ ಅಂಗಡಿಯನ್ನು ಬೇಗ ಮುಚ್ಚಿ ಮೆಟ್ಟಿಲು ಹತ್ತಿದ. ಹೊಲಿಗೆಯವಳು ಬಾಗಿಲನ್ನು ಅರ್ಧ ತೆಗೆದು ನಿಂತಳು.

"ನಿಮ್ಮಕ್ಕ ಯಾರಿಗೂ ಹೇಳಿಲ್ಲಮ್ಮ, ನನಗೂ ಹೇಳಿಲ್ಲ" ಎಂದ ತಲೆ ತಗ್ಗಿಸಿ. "ಅವಳು ಒಬ್ಬಳೇ ನಿನಗೋಸ್ಕರ ಪ್ರಾರ್ಥನೆ ಮಾಡ್ತಿದ್ಲು. ನಾನು ಕದ್ದು ಕೇಳಿಸ್ಕೊಂಡೆ. ತಪ್ಪಾಯ್ತು. ನನಗೆ ಎರಡೇಟು ಹೊಡಿ, ಅವಳ ಮೇಲೆ ಮಾತ್ರ ಕೋಪ ಇಟ್ಕೋಬೇಡ."

 ಅವಳು ಹೊರಗೆ ಬಂದು ಬಾಗಿಲನ್ನು ಹಿಂದಕ್ಕೆ ಎಳೆದುಕೊಂಡು ದನಿ ತಗ್ಗಿಸಿದಳು. "ಭಾವ, ನನ್ನ ಮಾನ ಹೋಗಿದ್ದು ಹೋಯ್ತು. ಮಗು ಅವತ್ತಿಂದ ಸರಿಯಾಗಿ ಊಟ ಮಾಡ್ತಿಲ್ಲ. ದೊಡ್ಡಪ್ಪ ಬೇರೆ ಯಾರದ್ದೋ ವಿಷ್ಯ ನಮ್ಮದು ಅಂತ ಹೇಳ್ಬಿಟ್ರು ಅಂತ ಅವಳಿಗೆ ಹೇಳಿದೀನಿ. ಅದನ್ನ ನೀವೇ ಬಾಯಿ ಬಿಟ್ಟು ಹೇಳಿ. ಅವರಪ್ಪ ಲೈನಲ್ಲೇ ಇದಾರೆ ಅಂತ ಹೇಳಿ."

"ಸುಳ್ಳು ಹೇಳ್ಲಾ ನಾನು?" ಎಂದುಬಿಟ್ಟ.

"ನಿಜ ಹೇಳಿ ನೋಡಿದ್ರಲ್ಲ."

 ಅವನು ಚಪ್ಪಲಿ ಬಿಟ್ಟು ಒಳಗೆ ಹೋದ. ಪುಟ್ಟಿ ಮಿಷನ್ನಿನ ಪಕ್ಕ ನೆಲದ ಮೇಲೆ ಕೂತು ಗುಂಡಿಗಳನ್ನು ಬಣ್ಣಬಣ್ಣಕ್ಕೆ ಬೇರೆ ಮಾಡುತ್ತಿದ್ದಳು. ಅವನು ಎದುರಿಗೆ ಕೂತ. ಅಷ್ಟರಲ್ಲಿ ರವಿಕೆ ಕೇಳಿಕೊಂಡು ಯಾರೋ ಬಂದು ಕೂಗಿದರು, ಅಮ್ಮ ಬಟ್ಟೆಯ ಗಂಟು ಎತ್ತಿಕೊಂಡು ಹೊರಗೆ ಹೋದಳು.

"ಪುಟ್ಟಿ, ಅವತ್ತು ಸಭೇಲಿ ನಾನು ಹೇಳಿದ್ದು…"

"ನಂಗೆ ಮೊದ್ಲೇ ಗೊತ್ತಿತ್ತು ದೊಡ್ಡಪ್ಪ." ಅವಳು ಬಾಗಿಲ ಕಡೆ ನೋಡಿ ಪಿಸುಗುಟ್ಟಿದಳು. "ಸ್ಕೂಲ್ ಬಸ್ಸಿಂದ ನೋಡಿದ್ದೆ. ಅಪ್ಪ ರೋಡಲ್ಲಿ ನಡ್ಕೊಂಡು ಹೋಗ್ತಿದ್ರು. ಹೆಗಲ ಮೇಲೆ ಪಾಪು ಇತ್ತು. ತುಂಬಾ ದಿನ ಆಯ್ತು."

ಸಾಕ್ಷಿಯಣ್ಣನೂ ದನಿ ತಗ್ಗಿಸಿದ. "ಅಮ್ಮಂಗೆ ಯಾಕೆ ಹೇಳ್ಲಿಲ್ಲ ಮಗಳೇ?"

"ಹೇಳಿದ್ರೆ ಅಮ್ಮ ಅಳ್ತಾಳೆ. ನಂಗೆ ಗೊತ್ತಿಲ್ಲ ಅಂತ ಅವಳು ಖುಷಿಯಾಗಿದ್ಲು." ಅವಳು ಒಂದು ಗುಂಡಿಯನ್ನು ಎತ್ತಿ ಯಾವ ಗುಡ್ಡೆಗೆ ಹಾಕಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದಳು. "ಈಗ ನಂಗೆ ಗೊತ್ತಾಯ್ತು ಅಂತ ರಾತ್ರಿಯೆಲ್ಲ ಅಳ್ತಾಳೆ. ಸುಳ್ಳು ಹೇಳ್ದೆ ಅಂತ ಅವಳ ಎದುರಿಗೆ ಹೇಳಿ ದೊಡ್ಡಪ್ಪ. ನಾನು ನಂಬ್ತೀನಿ."

ಕಣ್ಣಾರೆ ಕಂಡಿದ್ದ ಆ ಮೊಳದುದ್ದದ ಹುಡುಗಿ ಇಷ್ಟು ದಿನ ತುಟಿ ಬಿಚ್ಚಿರಲಿಲ್ಲ. ಅವನಿಗೆ ತನ್ನ ಮೇಲೆ ಎಂಥ ಅಸಹ್ಯವಾಯಿತೆಂದರೆ, ಅವಳ ಮುಖ ನೋಡಲಾಗದೆ ಗುಂಡಿಗಳನ್ನೇ ನೋಡಿದ. ಅಮ್ಮ ಒಳಗೆ ಬಂದು ಸೆರಗನ್ನು ಕೈಯಲ್ಲಿ ಹಿಂಡುತ್ತಾ ನಿಂತಳು.

"ನಾನು ಸುಳ್ಳು ಹೇಳ್ದೆ ಪುಟ್ಟಿ" ಎಂದ.  "ನಿಮ್ಮಪ್ಪ ಲೈನಲ್ಲೇ ಇದಾರೆ. ಯಾರದ್ದೋ ವಿಷ್ಯ ಬಾಯಿಗೆ ಬಂದ ಹಾಗೆ ನಿಮ್ಮದು ಅಂತ ಹೇಳ್ಬಿಟ್ಟೆ."

"ನೋಡಮ್ಮ," ಪುಟ್ಟಿ ಎದ್ದು ಅಮ್ಮನ ಸೊಂಟ ತಬ್ಬಿಕೊಂಡಳು. "ದೊಡ್ಡಪ್ಪಂಗೆ ಏನೂ ಗೊತ್ತಿಲ್ಲ." ಅಮ್ಮ ಮಗಳ ನೆತ್ತಿಗೆ ಮುಖ ಒತ್ತಿ, ಸದ್ಯ, ಬದುಕಿಕೊಂಡೆ ಎನ್ನುವ ಹಾಗೆ ಉಸಿರು ಬಿಟ್ಟಳು. ಪುಟ್ಟಿಗೆ ಹಸಿವಂತೆ, ಅನ್ನ ಬೇಕಂತೆ.

ಅವನು ಗೋಡೆ ಹಿಡಿದು ಮೆಟ್ಟಿಲಿಳಿದ. ಕೆಳಗೆ ಹೆಂಡತಿ ಕಾಯುತ್ತಾ ನಿಂತಿದ್ದಳು.

"ಬಾಗ್ಲು ತೆಗ್ದಿದೆ. ಹೋಗು, ನಿನ್ನ ಮೇಲೆ ಕೋಪ ಇಲ್ಲ ಅವಳಿಗೆ."

"ಮಗು? ಮಗು ಏನಂತು?"

ಹೇಳಲು ಅವನ ಬಾಯಿ ತೆರೆಯಿತು. ಎಂದಿನ ಹಾಗೆ ಮಾತು ನಾಲಿಗೆಯ ತುದಿಗೇ ಬಂದು ನಿಂತಿತು. ಇವಳಿಗೆ ಹೇಳಿದರೆ ಇವಳು ದೇವರಿಗೆ ಬಿಟ್ಟರೆ ಬೇರೆ ಯಾರಿಗೂ ಹೇಳುವವಳಲ್ಲ, ಅದು ಅವನಿಗೆ ಗೊತ್ತಿತ್ತು.

"ನಂಬ್ತು" ಎಂದ. ಆ ಸಂಜೆ ಅವನು ಹೇಳಿದ ಎರಡನೆಯ ಸುಳ್ಳು ಅದು.